ನೀಡಲ್‌ಗೆ ಕೈ ಹಾಕುವುದು ಕೊನೆಗೆ: ನೈಟ್ರೋ ರೇಸಿಂಗ್ ಬೋಟ್ ಕಟ್ಟಿ ಹದಕ್ಕೆ ತರುವ ಕ್ರಮ

ರಿಮೋಟ್‌ನಲ್ಲಿ ಓಡುವ ನೈಟ್ರೋ ಬೋಟ್ (ನೈಟ್ರೋಮೀಥೇನ್ ಬೆರೆಸಿದ ಇಂಧನದ ಮಾದರಿ ಬೋಟ್) ಸರಿಯಾಗಿ ಓಡದಿದ್ದರೆ ಬಹುತೇಕರು ಮೊದಲು ಕೈ ಹಾಕುವುದು ಕಾರ್ಬೊರೇಟರ್‌ನ ನೀಡಲ್‌ಗೆ, ಅಂದರೆ ಇಂಧನದ ಹರಿವು ಹೊಂದಿಸುವ ತಿರುಪಿಗೆ. ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದರೆ ಮುಗಿಯಿತು, ಅಷ್ಟು ಸುಲಭ ಎಂಬುದೇ ಕಾರಣ. ದೋಷ ಅಲ್ಲಿರುವುದು ಮಾತ್ರ ಅಪರೂಪ. ಸೊಟ್ಟಗೆ ಕೂತ ಎಂಜಿನ್, ಬಿಗಿಯಾಗಿ ತಿರುಗುವ ಕೇಬಲ್, ಗಾಳಿ ಸೋರುವ ಟ್ಯಾಂಕ್, ಅಳತೆ ಮೀರಿದ ಪ್ರೊಪೆಲ್ಲರ್ ಎಲ್ಲವೂ ದಡದಲ್ಲಿ ನಿಂತವರ ಕಿವಿಗೆ ಒಂದೇ ಥರ ಕೇಳಿಸುತ್ತವೆ: ಎಂಜಿನ್ ಉಸಿರುಕಟ್ಟಿದಂತೆ. ಅದಕ್ಕೇ ಇಲ್ಲಿ ನೀಡಲ್‌ನ ಮಾತು ಕೊನೆಯಲ್ಲಿ ಬರುತ್ತದೆ. ಬೋಟ್ ಕಟ್ಟುವಾಗಲೂ ಇದೇ ಕ್ರಮ ಹಿಡಿದರೆ ನೀರಿನ ಬಳಿ ಅರ್ಧ ತಲೆನೋವು ಇರುವುದಿಲ್ಲ.

ಯಾವ ಬೋಟ್?

ಎಂಜಿನ್‌ಗಳನ್ನು ಗಾತ್ರದ ಮೇಲೆ ವಿಂಗಡಿಸುತ್ತಾರೆ: 3.5 ಸಿಸಿ, 7.5 ಸಿಸಿ, 11 ಸಿಸಿ, 15 ಸಿಸಿ. ಘನ ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ ಇವನ್ನೇ 21, 45, 67, 90 ಎನ್ನುವುದು ರೂಢಿ. ಹಲ್, ಅಂದರೆ ಬೋಟ್‌ನ ಒಡಲು, ಮುಖ್ಯವಾಗಿ ಮೂರು ಬಗೆ. ತಳ ‘ವಿ’ ಆಕಾರದಲ್ಲಿರುವ ಮೋನೋ, ಎರಡು ತಳಗಳ ನಡುವೆ ಗಾಳಿ ನುಗ್ಗುವ ಕ್ಯಾಟಮರಾನ್, ಎರಡೂ ಪಕ್ಕ ರೆಕ್ಕೆಯಂತೆ ಸ್ಪಾನ್ಸನ್ (ತೇಲುವ ಪಕ್ಕತುಂಡು) ಚಾಚಿಕೊಂಡ ಔಟ್‌ರಿಗರ್ ಹೈಡ್ರೋ. ನೇರ ವೇಗದಲ್ಲಿ ಔಟ್‌ರಿಗರ್ ಅನ್ನು ಮೀರಿಸುವುದು ಕಷ್ಟ, ಆದರೆ ಅದಕ್ಕೆ ಕನ್ನಡಿಯಂಥ ನೀರು ಬೇಕು. ಅಲೆ ಎದ್ದ ನೀರಿನಲ್ಲಿ, ಬೇರೆ ಬೋಟ್‌ಗಳ ಕಲಕಿನಲ್ಲಿ ನಿಲ್ಲುವುದು ಮೋನೋ. ಮೊದಲ ಬೋಟ್‌ಗೆ 3.5 ಸಿಸಿ ಎಂಜಿನ್, ಸುಮಾರು 80 ಸೆಂ.ಮೀ. ಉದ್ದದ ಫೈಬರ್‌ಗ್ಲಾಸ್ ಮೋನೋ ಸಾಕು. ಮುಂದೆ ಹೇಳುವುದೆಲ್ಲ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು.

ಎಂಜಿನ್ ಮರೀನ್ ಬಗೆಯದೇ ಆಗಿರಲಿ. ಕಾರಿನ ಎಂಜಿನ್‌ಗೆ ಗಾಳಿ ತಗಲಲು ರೆಕ್ಕೆಗಳಿರುವ ಹೆಡ್ ಇರುತ್ತದೆ. ಮುಚ್ಚಿದ ಹಲ್‌ನೊಳಗೆ ಅದು ಉಪಯೋಗಕ್ಕೆ ಬಾರದು. ಇಲ್ಲಿ ಬೇಕಾದದ್ದು ನೀರು ಹರಿಯುವ ಹೆಡ್, ಸ್ಟಾರ್ಟರ್‌ನ ಬೆಲ್ಟ್ ಕೂರಲು ತೋಡು ಕೊರೆದ ಫ್ಲೈವೀಲ್.

ಹಲ್ ಸಿದ್ಧಪಡಿಸುವುದು

ಹೊಸ ಹಲ್‌ನ ಒಳಮೈಯಲ್ಲಿ ಅಚ್ಚಿನ ಮೇಣ ಉಳಿದಿರುತ್ತದೆ. ಏನನ್ನಾದರೂ ಅಂಟಿಸುವ ಜಾಗವನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ. ಫೈಬರ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಕೊಳ್ಳಿ. ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ಬಳಸಿ. ಐದು ನಿಮಿಷದ ಎಪಾಕ್ಸಿ ಇಂಧನ ತಾಗಿದಂತೆ ಮೆತ್ತಗಾಗುತ್ತದೆ, ಜೋಡಣೆ ತಿದ್ದಿಕೊಳ್ಳಲು ಸಮಯವನ್ನೂ ಕೊಡುವುದಿಲ್ಲ. ಮರದ ಭಾಗ ಇದ್ದರೆ ಎಲ್ಲ ಮುಖಕ್ಕೂ, ಕೊರೆದ ತೂತಿನ ಒಳಗೂ ಎಪಾಕ್ಸಿ ಬಳಿಯಿರಿ. ಬಣ್ಣವೂ ಇಂಧನ ತಡೆಯುವಂಥದ್ದಿರಬೇಕು. ಸಾಮಾನ್ಯ ಸ್ಪ್ರೇ ಬಣ್ಣವನ್ನು ಮೆಥನಾಲ್ ಮತ್ತು ನೈಟ್ರೋಮೀಥೇನ್ ಸೇರಿ ಒಂದೇ ದಿನದಲ್ಲಿ ಸುಲಿದುಬಿಡುತ್ತವೆ.

ಮೂಗಿನ ಒಳಗೆ, ಖಾಲಿ ಇರುವ ಎಲ್ಲ ಜಾಗದಲ್ಲಿ ಫೋಮ್ ತುಂಬಿ. ಬೋಟ್ ಮಗುಚಿ ನೀರು ತುಂಬಿದರೂ ಎಂಜಿನ್ ಸಮೇತ ತೇಲಬೇಕು. ತೊಟ್ಟಿಯಲ್ಲಿ ಒಮ್ಮೆ ಮುಳುಗಿಸಿ ನೋಡಿಬಿಡಿ.

ಎಂಜಿನ್‌ನಿಂದ ಪ್ರೊಪೆಲ್ಲರ್‌ವರೆಗೆ

ಇಡೀ ಕೆಲಸದಲ್ಲಿ ತಾಳ್ಮೆ ಸುರಿಯಬೇಕಾದ ಜಾಗ ಇದು. ಎಂಜಿನ್‌ನ ಶಕ್ತಿ ಕಾಲೆಟ್ (ಕೇಬಲ್‌ನ ತುದಿಯನ್ನು ಬಿಗಿದು ಹಿಡಿಯುವ ಭಾಗ) ಮೂಲಕ ಫ್ಲೆಕ್ಸ್ ಕೇಬಲ್‌ಗೆ, ಅಂದರೆ ಬಾಗುವ ತಂತಿಹುರಿಗೆ, ಬರುತ್ತದೆ. ಕೇಬಲ್ ಹಿತ್ತಾಳೆ ಕೊಳವೆಯೊಳಗೆ ಹಾದು, ಟ್ರಾನ್ಸಮ್‌ನ (ಹಲ್‌ನ ಹಿಂಗೋಡೆ) ಹಿಂದಿರುವ ಸ್ಟ್ರಟ್ (ಶಾಫ್ಟ್ ಹಿಡಿದಿಡುವ ಆಧಾರ) ಸೇರಿ, ಪ್ರೊಪೆಲ್ಲರ್‌ಗೆ ಕಚ್ಚಿಕೊಳ್ಳುವ ಡ್ರೈವ್ ಡಾಗ್ ಮೂಲಕ ಅದನ್ನು ತಿರುಗಿಸುತ್ತದೆ. ಕಾಲೆಟ್‌ನ ನಡುಗೆರೆಯೂ ಕೊಳವೆಯ ಬಾಯಿಯೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಕೇಬಲ್ ಬಾಗಿಕೊಂಡೇ ಸುತ್ತುತ್ತದೆ, ಬಿಸಿಯಾಗುತ್ತದೆ, ಒಂದು ದಿನ ತುಂಡಾಗುತ್ತದೆ. ಅದಕ್ಕಿಂತ ಮೊದಲೇ ಎಂಜಿನ್‌ನ ಶಕ್ತಿಯಲ್ಲಿ ಒಂದು ಪಾಲನ್ನು ಅದು ತಿಂದುಹಾಕಿರುತ್ತದೆ.

ಕೊಳವೆಯನ್ನು ಬಗ್ಗಿಸುವ ಮೊದಲು ಜ್ವಾಲೆಯಲ್ಲಿ ಕಾಯಿಸಿ ತಣಿಯಲು ಬಿಡಿ. ಹಿತ್ತಾಳೆ ಮೆತ್ತಗಾಗಿ ಮಡಿಕೆ ಬೀಳದೆ ಬಾಗುತ್ತದೆ. ಬಾಗು ಉದ್ದಕ್ಕೂ ಹರಡಿರಲಿ, ಒಂದೇ ಕಡೆ ಮೊಣಕೈಯಂತಾಗುವುದು ಬೇಡ. ಮೊದಲು ಸ್ಟ್ರಟ್ ಕೂರಿಸಿ, ಅದಕ್ಕೆ ಕೊಳವೆ ಹೊಂದಿಸಿ, ಕೊನೆಗೆ ಕೊಳವೆಗೆ ತಕ್ಕಂತೆ ಎಂಜಿನ್ ಕೂರಿಸಿ. ಇದನ್ನು ತಿರುಗಿಸಿ ಮಾಡಿದವರು, ಅಂದರೆ ಎಂಜಿನ್ ಬಿಗಿದ ಮೇಲೆ ಕೊಳವೆ ಎಳೆದವರು, ತಿಂಗಳುಗಟ್ಟಲೆ ಕೇಬಲ್ ಬದಲಿಸುತ್ತಿರುತ್ತಾರೆ.

ಪರೀಕ್ಷೆ ಹೀಗೆ. ಗ್ಲೋ ಪ್ಲಗ್ (ಮಿಶ್ರಣ ಹೊತ್ತಿಸುವ ತಂತಿಯಿರುವ ಪ್ಲಗ್) ತೆಗೆದಿಡಿ. ಎಂಜಿನ್ ಮೌಂಟ್‌ನ ಬೋಲ್ಟ್‌ಗಳನ್ನು ಅರ್ಧ ಬಿಗಿಯಿರಿ. ಕೇಬಲ್ ಕಾಲೆಟ್‌ನೊಳಗೆ ಸಲೀಸಾಗಿ ಜಾರಿ ಕೂರಬೇಕು, ಒತ್ತಿ ನೂಕುವಂತಿರಬಾರದು. ಕಾಲೆಟ್ ಬಿಗಿದು ಫ್ಲೈವೀಲನ್ನು ಬೆರಳಲ್ಲಿ ನಿಧಾನವಾಗಿ ಸುತ್ತಿಸಿ. ಪಿಸ್ಟನ್ ಮೇಲೆ ಬರುವಾಗಿನ ಬಿಗಿ ಬೇರೆ, ಅದು ಇರಬೇಕಾದದ್ದೇ. ಅದನ್ನು ಬಿಟ್ಟು ಸುತ್ತಿನ ಬೇರೊಂದು ಜಾಗದಲ್ಲಿ ತಡೆ ಸಿಕ್ಕರೆ ಎಂಜಿನ್ ಇನ್ನೂ ಸಾಲಿಗೆ ಬಂದಿಲ್ಲ. ಮೌಂಟ್ ಕೆಳಗೆ ತೆಳು ತಗಡು ಕೊಟ್ಟು ಎತ್ತರ ತಿದ್ದಿ, ಬೋಲ್ಟ್ ಪೂರ್ತಿ ಬಿಗಿದು ಮತ್ತೆ ಸುತ್ತಿಸಿ ನೋಡಿ. ಬಿಗಿಯುವಾಗಲೇ ಎಂಜಿನ್ ಕೂದಲೆಳೆಯಷ್ಟು ಸರಿದುಹೋಗುವುದುಂಟು.

ಇನ್ನೊಂದು ಅಂತರ ಮರೆಯಬಾರದು. ಭಾರ ಬಿದ್ದಾಗ ಫ್ಲೆಕ್ಸ್ ಕೇಬಲ್ ಹುರಿಗಟ್ಟಿ ಗಿಡ್ಡವಾಗುತ್ತದೆ. ಡ್ರೈವ್ ಡಾಗ್ ಮತ್ತು ಸ್ಟ್ರಟ್‌ನ ಹಿಂಬದಿಯ ನಡುವೆ ಸುಮಾರು 3 ಮಿ.ಮೀ. ಬಿಡಿ. ಬಿಡದಿದ್ದರೆ ಡಾಗ್ ಸ್ಟ್ರಟ್‌ಗೆ ಒತ್ತಿ ಉಜ್ಜುತ್ತದೆ, ಎಂಜಿನ್ ಪೂರ್ತಿ ವೇಗಕ್ಕೆ ಹೋದಾಗಲಷ್ಟೇ ತಡವರಿಸುತ್ತದೆ, ನೋಡುವವರು ಇಂಧನದ ದೋಷವೆಂದುಕೊಳ್ಳುತ್ತಾರೆ. ಕೇಬಲ್‌ಗೆ ನೀರು ತೊಳೆಯದಂಥ ಮರೀನ್ ಗ್ರೀಸ್ ಹಚ್ಚಿ. ನೀರಿಗಿಳಿದ ಪ್ರತಿ ದಿನದ ಕೊನೆಗೆ ಹೊರಗೆಳೆದು ಒರೆಸಿ, ಎಳೆ ಬಿಚ್ಚಿದೆಯೇ, ಬಣ್ಣ ನೀಲಿಗೆ ತಿರುಗಿದೆಯೇ ನೋಡಿ. ನೀಲಿ ಎಂದರೆ ಕಾದಿದೆ ಎಂದರ್ಥ, ಅದನ್ನು ಎಸೆದುಬಿಡಿ.

ಟ್ಯಾಂಕ್, ನೀರು, ರೇಡಿಯೋ

ಟ್ಯಾಂಕ್‌ನ ನಡುಮಟ್ಟ ಕಾರ್ಬೊರೇಟರ್‌ನ ಇಂಧನ ಬಾಯಿಯ ಮಟ್ಟಕ್ಕೆ ಸರಿಯಾಗಿರಲಿ. ಮೇಲಿದ್ದರೆ ನಿಂತಲ್ಲೇ ಎಂಜಿನ್‌ಗೆ ಇಂಧನ ತುಂಬುತ್ತದೆ, ಕೆಳಗಿದ್ದರೆ ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ಟ್ಯಾಂಕ್‌ನ ಸುತ್ತ ಸ್ಪಂಜು ಇಡಿ, ಇಲ್ಲದಿದ್ದರೆ ಕಂಪನಕ್ಕೆ ಇಂಧನ ನೊರೆಯೇಳುತ್ತದೆ. ಎಂಜಿನ್‌ನ ಹೊಗೆ ಹೊರಹೋಗುವ ಟ್ಯೂನ್ಡ್ ಪೈಪ್‌ನಿಂದ ಬರುವ ಒತ್ತಡದ ನಳಿಕೆಯೇ ಇಂಧನವನ್ನು ಮುಂದೆ ತಳ್ಳುವುದು. ಹಾಗಾಗಿ ಒಂದು ಬಾಯಿ ಬಿಟ್ಟು ಉಳಿದವನ್ನು ಮುಚ್ಚಿ, ಟ್ಯಾಂಕನ್ನು ನೀರಿನಲ್ಲಿ ಅದ್ದಿ ಊದಿ. ಒಂದೇ ಒಂದು ಗುಳ್ಳೆ ಬಂದರೂ ಮುಂದೆ ನೀಡಲ್ ಯಾವತ್ತೂ ಒಂದು ಕಡೆ ನಿಲ್ಲುವುದಿಲ್ಲ.

ತಂಪಿನ ನೀರನ್ನು ಸಾಮಾನ್ಯವಾಗಿ ರಡ್ಡರ್‌ನ (ಚುಕ್ಕಾಣಿ) ಮುಂಭಾಗದ ತೂತಿನಿಂದ ಪಡೆಯುತ್ತಾರೆ. ಅದು ಹೆಡ್‌ನಲ್ಲಿ ಹರಿದು ಹಲ್‌ನ ಪಕ್ಕದಿಂದ ಹೊರಬೀಳಲಿ, ದಡದಲ್ಲಿ ನಿಂತವರಿಗೆ ಕಾಣುವ ಕಡೆಯಿಂದ. ಆ ಧಾರೆ ನಿಂತರೆ ಬೋಟ್ ವಾಪಸ್ ಕರೆಯಿರಿ, ಕಸ ಸಿಕ್ಕಿದೆ. ತಂಪು ಜಾಸ್ತಿಯಾದರೂ ಕಷ್ಟವೇ. ಹೆಡ್ ತಣ್ಣಗಾಗಿ ಎಂಜಿನ್ ಎಷ್ಟು ತಿದ್ದಿದರೂ ಎದ್ದೇಳದಿದ್ದರೆ ಹೊರಹೋಗುವ ನಳಿಕೆಯ ಬಾಯನ್ನು ಸ್ವಲ್ಪ ಕಿರಿದು ಮಾಡಿ.

ರಿಸೀವರ್, ಬ್ಯಾಟರಿ, ಸರ್ವೋಗಳಿಗೆ ಮುಚ್ಚಿದ ಪೆಟ್ಟಿಗೆ, ಪುಶ್‌ರಾಡ್ ಹೊರಬರುವಲ್ಲಿ ರಬ್ಬರ್ ಬೂಟು. ರಡ್ಡರ್‌ಗೆ ಲೋಹದ ಗೇರಿನ ಬಲವಾದ ಸರ್ವೋ ಬೇಕು. 2.4 ಗಿಗಾಹರ್ಟ್ಸ್ ಸಂಕೇತವನ್ನು ನೀರು ನುಂಗುತ್ತದೆ, ಆದ್ದರಿಂದ ಆಂಟೆನಾ ತುದಿ ನೀರಿನ ಮಟ್ಟದಿಂದ ಎತ್ತರದಲ್ಲಿ ನೆಟ್ಟಗಿರಲಿ. ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಪೂರ್ತಿ ಮುಚ್ಚುವಂತೆ ಹೊಂದಿಸಿ, ಟ್ರಾನ್ಸ್‌ಮಿಟರ್ ಆರಿಸಿ ಖಾತ್ರಿಪಡಿಸಿಕೊಳ್ಳಿ. ಸಂಕೇತ ತಪ್ಪಿದ ಬೋಟ್ ನಿಲ್ಲಬೇಕೇ ಹೊರತು ಜನರತ್ತ ನುಗ್ಗಬಾರದು.

ಪ್ರೊಪೆಲ್ಲರ್

ಈ ಬೋಟ್‌ಗಳಲ್ಲಿ ಪ್ರೊಪೆಲ್ಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಆಕ್ಟುರಾ ಕಂಪನಿಯ ಎಕ್ಸ್ ಸರಣಿಯ ಗುರುತು ಓದಲು ಸುಲಭ: ಎಕ್ಸ್440 ಎಂದರೆ ವ್ಯಾಸ 40 ಮಿ.ಮೀ., ಪಿಚ್ ಅದರ 1.4 ಪಟ್ಟು, ಅಂದರೆ 56 ಮಿ.ಮೀ. ಒಂದು ಸುತ್ತಿಗೆ ಅಷ್ಟು ದೂರ ಮುಂದೆ ಹೋಗಬೇಕು. ನಿಮಿಷಕ್ಕೆ 25,000 ಸುತ್ತು ಹಿಡಿದರೆ 1,400 ಮೀಟರ್, ಗಂಟೆಗೆ 84 ಕಿ.ಮೀ. ಇದು ಕಾಗದದ ಮೇಲಿನ ಲೆಕ್ಕ. ನೀರಿನಲ್ಲಿ ಪ್ರೊಪೆಲ್ಲರ್ ಜಾರುತ್ತದೆ, ಶೇ. 15 ಕಳೆದರೆ 71 ಉಳಿಯುತ್ತದೆ. ಈ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ತಿರುವುಮುರುವಾಗಿ. ಬೋಟ್‌ನ ವೇಗ ಅಳೆದುಕೊಂಡರೆ ಎಂಜಿನ್ ಎಷ್ಟು ಸುತ್ತು ಎಳೆಯುತ್ತಿದೆ ಎಂಬ ಅಂದಾಜು ಸಿಗುತ್ತದೆ. ಅದು ಎಂಜಿನ್‌ನ ಶಕ್ತಿ ತುತ್ತತುದಿ ಮುಟ್ಟುವ ಸುತ್ತಿಗಿಂತ ಬಹಳ ಕೆಳಗಿದ್ದರೆ ಪ್ರೊಪೆಲ್ಲರ್ ದೊಡ್ಡದಾಯಿತು.

ಅಚ್ಚಿನಿಂದ ಬಂದ ಪ್ರೊಪೆಲ್ಲರನ್ನು ಹಾಗೇ ಹಾಕಬೇಡಿ. ಅಲಗಿನ ಮುಂದಿನ ಅಂಚು ಕತ್ತಿಯಷ್ಟು ಹರಿತವಾಗಬೇಕು. ಆಮೇಲೆ ತೂಕ ಸಮ ಮಾಡಿ: ಬ್ಯಾಲೆನ್ಸರ್ ಮೇಲಿಟ್ಟಾಗ ಒಂದೇ ಅಲಗು ಪದೇಪದೇ ಕೆಳಗೆ ಬಂದರೆ ಅದರಿಂದ ಸ್ವಲ್ಪ ಉಜ್ಜಿ ತೆಗೆಯಿರಿ. ನೀರನ್ನು ಹಿಂದಕ್ಕೆ ತಳ್ಳುವ ಮುಖ ಮುಟ್ಟದೆ ಎದುರು ಮುಖದಿಂದ ಮಾತ್ರ. ರೇಸಿಂಗ್ ಪ್ರೊಪೆಲ್ಲರ್‌ಗಳು ಹೆಚ್ಚಾಗಿ ಬೆರಿಲಿಯಂ ತಾಮ್ರದವು. ಅದರ ಧೂಳು ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿ. ನೀರು ಹಾಕಿಕೊಂಡೇ ಉಜ್ಜಿ, ಸರಿಯಾದ ಮಾಸ್ಕ್ ಧರಿಸಿ, ಉಳಿದ ರಾಡಿಯನ್ನು ಒಣಗಲು ಬಿಡದೆ ಒರೆಸಿ ತೆಗೆಯಿರಿ. ಇದು ಬೇಡವೆನಿಸಿದರೆ ಸಿದ್ಧಪಡಿಸಿದ ಪ್ರೊಪೆಲ್ಲರನ್ನೇ ಕೊಳ್ಳುವುದು ಜಾಣತನ.

ತೂಕ ಮತ್ತು ಸ್ಟ್ರಟ್

ಟ್ಯಾಂಕ್ ಖಾಲಿ ಇಟ್ಟು, ಉಳಿದದ್ದೆಲ್ಲ ಜೋಡಿಸಿ ಬೋಟನ್ನು ಎರಡು ಬೆರಳ ಮೇಲೆ ತೂಗಿ. ಮೋನೋದಲ್ಲಿ ತೂಕದ ಕೇಂದ್ರ ಟ್ರಾನ್ಸಮ್‌ನಿಂದ ಹಲ್ ಉದ್ದದ ಶೇ. 30ರ ಹತ್ತಿರವಿರಲಿ, 80 ಸೆಂ.ಮೀ. ಹಲ್‌ಗೆ 24 ಸೆಂ.ಮೀ. ಸೀಸ ಅಂಟಿಸುವ ಮೊದಲು ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ನೋಡಿ.

ಸ್ಟ್ರಟ್‌ನ ಶಾಫ್ಟ್ ಮೊದಲಿಗೆ ಹಲ್‌ನ ತಳಕ್ಕೆ ಸಮಾನಾಂತರವಾಗಿರಲಿ, ಎತ್ತರ ಕೀಲ್‌ನ (ತಳದ ನಡು ಏಣು) ಕೆಳತುದಿಯ ಮಟ್ಟದ ಆಸುಪಾಸಿನಲ್ಲಿ. ಶಾಫ್ಟ್‌ನ ಹಿಂತುದಿ ಕೆಳಮುಖವಾದರೆ ಅದು ಬೋಟ್‌ನ ಹಿಂಭಾಗ ಎತ್ತಿ ಮೂಗನ್ನು ಒತ್ತುತ್ತದೆ, ಮೇಲ್ಮುಖವಾದರೆ ಮೂಗು ಏಳುತ್ತದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಎಡಸುತ್ತಾಗಿ ತಿರುಗುತ್ತಿದ್ದರೆ ಅದರ ಪ್ರತಿಬಲಕ್ಕೆ ಹಲ್ ಬಲಕ್ಕೆ ವಾಲುತ್ತದೆ. ವೃತ್ತಾಕಾರದ ರೇಸ್‌ಗಳು ಸಾಮಾನ್ಯವಾಗಿ ಗಡಿಯಾರದ ದಿಕ್ಕಿನಲ್ಲಿ, ಬಲ ತಿರುವುಗಳಲ್ಲೇ ನಡೆಯುವುದಕ್ಕೆ ಈ ವಾಲುವಿಕೆಗೂ ನಂಟಿದೆ. ನೇರ ಓಟದಲ್ಲಿ ಅದನ್ನು ಸರಿದೂಗಿಸಲು ಬಲಗಡೆಯ ಟ್ರಿಮ್ ಟ್ಯಾಬನ್ನು (ಟ್ರಾನ್ಸಮ್‌ನ ಕೆಳಗಿನ ಸಣ್ಣ ತಗಡು) ಒಂದಿಷ್ಟು ಕೆಳಗಿಳಿಸಿ.

ಇಂಧನ ಮತ್ತು ಹದ ಹಿಡಿಸುವ ಓಟ

ಇಂಧನವೆಂದರೆ ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ. ಬೋಟ್‌ಗಳಲ್ಲಿ ನೈಟ್ರೋ ಪಾಲು ಶೇ. 30ರಿಂದ 60ರವರೆಗೆ ಇರುತ್ತದೆ. ಕಲಿಯುವವರಿಗೆ 30 ಸಾಕು. ಎಣ್ಣೆಯಲ್ಲಿ ಉಳಿತಾಯ ಮಾಡಬೇಡಿ. ಹರಳೆಣ್ಣೆಯ ಅಂಶ ಇರುವುದು ಒಳ್ಳೆಯದು. ಲೀನ್ ಆದ ಕ್ಷಣದಲ್ಲಿ ಎಂಜಿನ್ ಉಳಿಸುವುದು ಅದೇ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ. ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ, ತೆರೆದಿಟ್ಟರೆ ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ.

ಎಬಿಸಿ ಬಗೆಯ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಲೈನರ್) ಹೊಸ ಎಂಜಿನ್‌ನಲ್ಲಿ ಲೈನರ್, ಅಂದರೆ ಸಿಲಿಂಡರಿನ ಒಳಕೊಳವೆ, ಮೇಲ್ಗಡೆ ಕಿರಿದಾಗಿರುತ್ತದೆ. ತಣ್ಣಗಿದ್ದಾಗ ಪಿಸ್ಟನ್ ಮೇಲೆ ಬರುವಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿ ಗಾಳಿಯ ಯಂತ್ರದಿಂದ ಎಂಜಿನ್ ಬೆಚ್ಚಗೆ ಮಾಡಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ಟ್ಯಾಂಕ್ ರಿಚ್ ಆಗಿಯೇ (ಇಂಧನ ಹೆಚ್ಚಿರುವ ಮಿಶ್ರಣದಲ್ಲಿ), ಥ್ರಾಟಲನ್ನು ಏರಿಸಿ ಇಳಿಸಿ, ನೀರಿನ ಮೇಲೆ ಓಡಿಸಿ, ನಡುನಡುವೆ ಪೂರ್ತಿ ತಣಿಯಲು ಬಿಡಿ. ದಡದ ಸ್ಟ್ಯಾಂಡ್ ಮೇಲೆ ಕೆಲವು ಸೆಕೆಂಡ್‌ಗಿಂತ ಹೆಚ್ಚು ಓಡಿಸುವುದು ಬೇಡವೇ ಬೇಡ. ಅಲ್ಲಿ ತಂಪಿನ ನೀರೂ ಇಲ್ಲ, ಪ್ರೊಪೆಲ್ಲರ್‌ಗೆ ಭಾರವೂ ಇಲ್ಲ, ಎಂಜಿನ್ ಹದ್ದು ಮೀರಿ ಸುತ್ತುತ್ತದೆ. ಆ ಹೊತ್ತಿನಲ್ಲಿ ಯಾರ ಕೈಯೂ, ಮುಖವೂ ಪ್ರೊಪೆಲ್ಲರ್‌ನ ಸುತ್ತಳತೆಯ ಸಾಲಿನಲ್ಲಿ ಇರಕೂಡದು.

ಬೋಟ್ ಇಳಿಸಲು ಇನ್ನೊಬ್ಬರು ಬೇಕು. ಹಲ್ ಅನ್ನು ಎರಡೂ ಕೈಯಲ್ಲಿ ಮಟ್ಟವಾಗಿ ಹಿಡಿದು, ನೀರಿಗೆ ಸಮಾನಾಂತರವಾಗಿ ಮುಂದಕ್ಕೆ ಜಾರಿಸಬೇಕು. ಅದೇ ಕ್ಷಣಕ್ಕೆ ನೀವು ಥ್ರಾಟಲ್ ಕೊಡಬೇಕು. ಈಜುವವರು, ಮೀನು ಹಿಡಿಯುವವರು, ಹಕ್ಕಿಗಳು ಇರುವ ನೀರಿನಲ್ಲಿ ಈ ಆಟ ಬೇಡ.

ಪೈಪ್, ಆಮೇಲೆ ನೀಡಲ್

ಟ್ಯೂನ್ಡ್ ಪೈಪ್ ಬರೀ ಸೈಲೆನ್ಸರ್ ಅಲ್ಲ. ಸಿಲಿಂಡರಿನಿಂದ ಹೊರಟ ಒತ್ತಡದ ಅಲೆ ಪೈಪ್‌ನ ಹಿಂಗೋಡೆಗೆ ಬಡಿದು ಮರಳಿ ಬಂದು, ಹೊರಗೆ ಸೋರಿಹೋಗುತ್ತಿರುವ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುನ್ನ ವಾಪಸ್ ಒಳತಳ್ಳುತ್ತದೆ. ಈ ಹೊಂದಿಕೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಒಂದು ವ್ಯಾಪ್ತಿಯಲ್ಲಿ ಮಾತ್ರ ಕೂಡಿಬರುತ್ತದೆ. ಪೈಪ್ ಗಿಡ್ಡವಾದರೆ ಆ ವ್ಯಾಪ್ತಿ ಹೆಚ್ಚು ಸುತ್ತಿಗೆ ಏರುತ್ತದೆ, ಉದ್ದವಾದರೆ ಕೆಳಗಿಳಿಯುತ್ತದೆ. ತಯಾರಕರು ಹೇಳಿದ ಅಳತೆಗಿಂತ 6 ಮಿ.ಮೀ. ಉದ್ದವಿಟ್ಟು ಶುರು ಮಾಡಿ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂದು ಅವರು ಹೇಳಿದ್ದಾರೋ ಅದನ್ನೇ ಅನುಸರಿಸಿ. ಬೋಟ್ ಸುಲಭವಾಗಿ ಎದ್ದು ವೇಗ ಹಿಡಿಯುತ್ತಿದ್ದರೆ 3 ಮಿ.ಮೀ. ಕಡಿಮೆ ಮಾಡುತ್ತಾ ಬನ್ನಿ. ತಿರುವಿನಿಂದ ಹೊರಬಂದಾಗ ಬೋಟ್ ಮಂಕಾಗಿ, ಬಹಳ ದೂರ ಹೋದ ಮೇಲಷ್ಟೇ ಕಿರುಚತೊಡಗಿದರೆ ಅತಿಯಾಯಿತು, ಒಂದು ಹೆಜ್ಜೆ ಹಿಂದೆ ಬನ್ನಿ. ಎಂಜಿನ್‌ಗೂ ಪೈಪ್‌ಗೂ ನಡುವಿನ ಕೊಳವೆಯಾದ ಹೆಡರ್‌ಗೂ ನೀರಿನ ತಂಪು ಕೊಟ್ಟಿದ್ದರೆ ಹೊಗೆ ತಣ್ಣಗಾಗಿ ಅಲೆಯ ವೇಗ ಇಳಿಯುತ್ತದೆ. ಪೈಪ್ ಇರುವುದಕ್ಕಿಂತ ಉದ್ದವಿದ್ದಂತೆ ನಡೆದುಕೊಳ್ಳುತ್ತದೆ.

ಈಗ ನೀಡಲ್. ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್. ತಯಾರಕರು ಹೇಳಿದಷ್ಟು ಸುತ್ತು ತೆರೆದು, ಅದಕ್ಕೆ ಅರ್ಧ ಸುತ್ತು ಸೇರಿಸಿ ನೀರಿಗಿಳಿಸಿ. ಬೋಟ್ ಗೊರಗೊರ ಎನ್ನುತ್ತಾ, ದಟ್ಟ ಹೊಗೆ ಬಿಡುತ್ತಾ ಹೋಗಬೇಕು. ಒಂದೆರಡು ಸುತ್ತು ಓಡಿಸಿ ಕರೆಯಿರಿ, ಎಂಟನೇ ಒಂದು ಸುತ್ತು ಬಿಗಿಯಿರಿ, ಮತ್ತೆ ಬಿಡಿ. ಒಂದು ಹಂತದಲ್ಲಿ ಸದ್ದು ಇದ್ದಕ್ಕಿದ್ದಂತೆ ಬಿಗಿದ ತಂತಿಯಂತೆ ಶುದ್ಧವಾಗುತ್ತದೆ: ಪೈಪ್ ಹಿಡಿಯಿತು. ಹೊಗೆಯ ಗೆರೆ ತೆಳುವಾದರೂ ಕಾಣುತ್ತಲೇ ಇರಬೇಕು. ನೇರ ಓಟದ ಮೊದಲಲ್ಲಿ ಏರಿದ ದನಿ ಕೊನೆಗೆ ಕುಸಿದರೆ ಲೀನ್. ಕೂಡಲೇ ಥ್ರಾಟಲ್ ಬಿಡಿ.

ಕಿವಿಯನ್ನು ಮಾತ್ರ ನಂಬಬೇಡಿ, ಪ್ಲಗ್ ಓದಿ. ಪೂರ್ತಿ ವೇಗದಲ್ಲಿ ಓಡಿಸಿ, ಹಾಗೇ ಎಂಜಿನ್ ಆರಿಸಿ ತಂದು ಪ್ಲಗ್ ಬಿಚ್ಚಿ. ತಂತಿ ಹೊಸದರಂತೆ ಹೊಳೆಯುತ್ತಾ ಒದ್ದೆಯಾಗಿದ್ದರೆ ಇನ್ನೂ ರಿಚ್. ಹೊಳಪು ಮಂಕಾಗಿ ಬೂದು ಬಣ್ಣಕ್ಕೆ ಹೊರಳಿದ್ದರೆ ಗಡಿ ಮುಟ್ಟಿದ್ದೀರಿ, ಇನ್ನು ಬಿಗಿಯಬೇಡಿ. ತಂತಿ ಸೊಟ್ಟಗಾಗಿದ್ದರೆ, ಪಿಸ್ಟನ್‌ನ ತಲೆ ಮರಳು ಎರಚಿದಂತೆ ಚುಕ್ಕೆ ಚುಕ್ಕೆಯಾಗಿದ್ದರೆ ಅದು ಡೆಟೊನೇಷನ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿಯುವುದು. ಆಗ ರಿಚ್ ಮಾಡುವುದಷ್ಟೇ ಸಾಲದು. ನೈಟ್ರೋ ಹೆಚ್ಚಿದ್ದಷ್ಟೂ ಕಂಪ್ರೆಷನ್ ಕಡಿಮೆ ಬೇಕು, ಆದ್ದರಿಂದ ಹೆಡ್ ಕೆಳಗೆ 0.1 ಮಿ.ಮೀ. ಶಿಮ್ (ತೆಳು ಬಿಲ್ಲೆ) ಒಂದನ್ನು ಸೇರಿಸಿ. ಮುಖ್ಯ ನೀಡಲ್ ಕೂತ ಮೇಲೆ ಐಡಲ್ ನೀಡಲ್ ನೋಡಿ: ನಿಧಾನ ಓಟದಿಂದ ಥ್ರಾಟಲ್ ಕೊಟ್ಟಾಗ ಬೋಟ್ ಹೊಗೆ ಕಾರಿ ತಡವರಿಸಿದರೆ ಐಡಲ್ ರಿಚ್, ಉಸಿರು ಸಿಕ್ಕದೆ ಫಕ್ಕನೆ ಆರಿದರೆ ಲೀನ್.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಸಿಲಿನ ಮಧ್ಯಾಹ್ನ ಕೂರಿಸಿದ ನೀಡಲ್ ಮರುದಿನ ತಣ್ಣನೆಯ ಬೆಳಗ್ಗೆ ಲೀನ್ ಆಗಿರುತ್ತದೆ, ತಂಪು ಗಾಳಿಯಲ್ಲಿ ಆಮ್ಲಜನಕ ಹೆಚ್ಚು. ದಿನದ ಮೊದಲ ಓಟಕ್ಕೆ ಎಂಟನೇ ಒಂದು ಸುತ್ತು ತೆರೆದೇ ಇಳಿಸಿ.

ಓಟದ ನಡವಳಿಕೆ

ಬೋಟ್ ಡಾಲ್ಫಿನ್ ಥರ ಎದ್ದು ಬಿದ್ದು ಹೋಗುತ್ತಿದ್ದರೆ ತೂಕ ಹಿಂದಾಗಿದೆ, ಇಲ್ಲವೇ ಶಾಫ್ಟ್ ತುದಿ ಮೇಲ್ಮುಖವಾಗಿದೆ. ಮೂಗು ಒದ್ದೆಯಾಗಿಯೇ ಓಡಿ ವೇಗ ಬರದಿದ್ದರೆ ಇದರ ತಿರುಗುಮುರುಗು. ಎಡಕ್ಕೂ ಬಲಕ್ಕೂ ಹೊಯ್ದಾಡಿದರೆ ಸ್ಟ್ರಟ್ ಒಂದೆರಡು ಮಿಲಿಮೀಟರ್ ಇಳಿಸಿ, ತೂಕವನ್ನೂ ತಳಕ್ಕೆ ತನ್ನಿ. ತಿರುವಿನಲ್ಲಿ ಗಿರಕಿ ಹೊಡೆದರೆ ಮೊದಲು ರಡ್ಡರ್‌ನ ತಿರುಗುವಿಕೆ ಕಡಿಮೆ ಮಾಡಿ; ಹೊಸಬರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟಿರುತ್ತಾರೆ. ತಿರುವಿನಲ್ಲಿ ಹೊರಕ್ಕೆ ಜಾರುತ್ತಿದ್ದರೆ ಟರ್ನ್ ಫಿನ್ (ತಿರುವಿನಲ್ಲಿ ನೀರು ಕಚ್ಚಿ ಹಿಡಿಯುವ ತಗಡು) ನೋಡಿ. ಒಂದು ಓಟಕ್ಕೆ ಒಂದೇ ಬದಲಾವಣೆ, ಅದನ್ನು ಪುಸ್ತಕದಲ್ಲಿ ಬರೆದೇ ಮುಂದಿನದು. ಪ್ರೊಪೆಲ್ಲರ್ ಬದಲಿಸಿದರೆ ಪೈಪ್, ನೀಡಲ್ ಎರಡನ್ನೂ ಮತ್ತೆ ನೋಡಬೇಕಾಗುತ್ತದೆ, ಇದಕ್ಕೆ ಅಡ್ಡದಾರಿ ಇಲ್ಲ.

ಮಗುಚಿ ನೀರು ಕುಡಿದರೆ

ಎಂಜಿನ್ ನೀರು ಕುಡಿದಿದ್ದರೆ ಸ್ಟಾರ್ಟರ್ ಹಚ್ಚಬೇಡಿ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು ಬೋಟ್ ಬೋರಲು ಹಾಕಿ ಫ್ಲೈವೀಲ್ ಕೈಯಲ್ಲಿ ತಿರುಗಿಸಿ, ಪೈಪ್‌ನ ನೀರು ಚೆಲ್ಲಿ, ಒಳಗೆ ಇಂಧನ ಹಾಕಿ ಸುತ್ತಿಸಿ ತೊಳೆಯಿರಿ. ಹೊಸ ಪ್ಲಗ್ ಹಾಕಿ ಆದಷ್ಟು ಬೇಗ ಸ್ಟಾರ್ಟ್ ಮಾಡಿದರೆ ಉಳಿದ ತೇವ ಅದರ ಬಿಸಿಗೇ ಆರುತ್ತದೆ.

ದಿನದ ಕೊನೆಗೆ ಟ್ಯಾಂಕ್ ಬಸಿದು, ಕಾರ್ಬೊರೇಟರ್‌ನಲ್ಲಿ ಉಳಿದ ಇಂಧನ ಉರಿದು ಆರುವವರೆಗೆ ಎಂಜಿನ್ ಓಡಿಸಿ. ನೈಟ್ರೋ ಉರಿದಾಗ ಆಮ್ಲದ ಅಂಶ ಉಳಿಯುತ್ತದೆ, ಮೆಥನಾಲ್ ತೇವ ಎಳೆಯುತ್ತದೆ. ಎರಡೂ ಸೇರಿ ಒಂದು ವಾರದಲ್ಲಿ ಬೇರಿಂಗ್‌ಗೆ ತುಕ್ಕು ಹಿಡಿಸಬಲ್ಲವು. ಪ್ಲಗ್ ತೂತಿನಿಂದಲೂ ಕಾರ್ಬೊರೇಟರ್‌ನಿಂದಲೂ ಆಫ್ಟರ್ ರನ್ ಎಣ್ಣೆಯ ಕೆಲವು ಹನಿ ಬಿಟ್ಟು ಸುತ್ತಿಸಿ. ಪಿಸ್ಟನ್ ಕೆಳಗಿರುವಂತೆ ನಿಲ್ಲಿಸಿ, ಕೇಬಲ್ ಹೊರಗೆಳೆದು ಗ್ರೀಸ್ ಹಚ್ಚಿ, ರೇಡಿಯೋ ಪೆಟ್ಟಿಗೆಯ ಮುಚ್ಚಳ ತೆರೆದೇ ಎತ್ತಿಡಿ.